ವೈಯಕ್ತಿಕ ದಿವಾಳಿ ಅರ್ಜಿ ಮತ್ತು ವಕೀಲರ ಶುಲ್ಕ: ಅರ್ಜಿದಾರರ ಮಾಹಿತಿಗಾಗಿ

ಸಾಲ ತೀರಿಸುವ ಯಾವ ದಾರಿಯೂ ಉಳಿಯದ ವ್ಯಕ್ತಿಯು ತನ್ನನ್ನು ದಿವಾಳಿ ಎಂದು ಘೋಷಿಸುವಂತೆ ನ್ಯಾಯಾಲಯವನ್ನು ಕೋರಲು ಕಾನೂನಿನಲ್ಲಿ ಅವಕಾಶವಿರುತ್ತದೆ. ಆದರೆ ಕೈಯಲ್ಲಿ ಹಣವಿಲ್ಲವೆಂದೇ ನ್ಯಾಯಾಲಯಕ್ಕೆ ಬರುವ ಅರ್ಜಿದಾರರಿಗೆ ಮೊದಲು ಎದುರಾಗುವ ಖರ್ಚು ವಕೀಲರ ಶುಲ್ಕವಾಗಿರುತ್ತದೆ. ಕೊಟ್ಟ ಹಣ ಯಾವ ಕೆಲಸಕ್ಕೆ ಸಂದಿತು, ಇನ್ನೆಷ್ಟು ಕೊಡಬೇಕು, ಪ್ರಕರಣ ಎಲ್ಲಿಗೆ ಬಂತು ಎಂಬುದು ತಿಳಿಯದೆ ಅನೇಕರು ಬೇಸತ್ತು ಪ್ರಕರಣವನ್ನು ನಡುವೆಯೇ ಕೈಬಿಡುವುದುಂಟು. ಹೀಗೆ ಕೈಬಿಡುವುದರಿಂದ ಆಗುವ ನಷ್ಟವು ಕೊಟ್ಟ ಶುಲ್ಕಕ್ಕಿಂತ ದೊಡ್ಡದು. ಕಲಬುರಗಿ ನಗರದ ಶಹಾಬಜಾರ ಮೊದಲಾದ ಬಡಾವಣೆಗಳ ಸಣ್ಣ ವ್ಯಾಪಾರಿಗಳು, ಕುಶಲಕರ್ಮಿಗಳು, ನೌಕರರು ಹಾಗೂ ಕಮಲಾಪುರ ತಾಲ್ಲೂಕಿನ ರೈತರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಅನ್ವಯವಾಗುವ ಕಾನೂನು

ವ್ಯಕ್ತಿಗಳ ದಿವಾಳಿ ಪ್ರಕರಣಗಳಿಗೆ ನಮ್ಮ ಜಿಲ್ಲೆಯಲ್ಲಿ ಅನ್ವಯವಾಗುವುದು ಪ್ರಾಂತೀಯ ದಿವಾಳಿ ಅಧಿನಿಯಮ, 1920. ಸಂಸತ್ತು 2016ರಲ್ಲಿ ಹೊಸ ದಿವಾಳಿ ಸಂಹಿತೆಯನ್ನು ಅಂಗೀಕರಿಸಿದ್ದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಮೂರನೇ ಭಾಗವು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರ ಮಟ್ಟಿಗೆ ಮಾತ್ರ 1ನೇ ಡಿಸೆಂಬರ್ 2019ರಿಂದ ಜಾರಿಗೆ ಬಂದಿದೆ. ಆ ಸಂಹಿತೆಯಲ್ಲಿ ಅಲ್ಪ ಆದಾಯದವರಿಗಾಗಿ ಹೇಳಿರುವ ಸಾಲಮನ್ನಾ ವಿಧಾನವು ಜಾರಿಗೆ ಬಂದಿರುವುದಿಲ್ಲ. ಆದುದರಿಂದ ಅದರಡಿ ಸಾಲ ಮನ್ನಾ ಮಾಡಿಸಿಕೊಡುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು.

2. ಯಾರು, ಎಲ್ಲಿ ಅರ್ಜಿ ಸಲ್ಲಿಸಬಹುದು

ಸಾಲ ತೀರಿಸಲು ಅಸಮರ್ಥನಾಗಿರುವ ವ್ಯಕ್ತಿಯು ಈ ಕೆಳಕಂಡ ಮೂರರಲ್ಲಿ ಯಾವುದಾದರೊಂದು ಸ್ಥಿತಿಯಲ್ಲಿದ್ದರೆ ಅರ್ಜಿ ಸಲ್ಲಿಸಬಹುದಾಗಿದೆ.

(ಅ) ಸಾಲದ ಮೊತ್ತವು 500 ರೂಪಾಯಿ ಅಥವಾ ಹೆಚ್ಚಿಗೆ ಇರುವುದು;
(ಆ) ಹಣ ಪಾವತಿಯ ಡಿಕ್ರಿಯ ಅಮಲ್ಜಾರಿಯಲ್ಲಿ ಬಂಧನಕ್ಕೆ ಒಳಗಾಗಿರುವುದು;
(ಇ) ಅಂತಹ ಡಿಕ್ರಿಯ ಮೇರೆಗೆ ಆಸ್ತಿಯ ಜಪ್ತಿ ಆದೇಶ ಜಾರಿಯಲ್ಲಿರುವುದು.

500 ರೂಪಾಯಿಯ ಮಿತಿಯು 1920ರದ್ದಾಗಿದ್ದು, ಇಂದಿನ ಬಹುತೇಕ ಸಾಲಗಾರರಿಗೆ ಅದು ಅಡ್ಡಿಯಾಗುವುದಿಲ್ಲ. ಅರ್ಜಿಯನ್ನು ವಾಸಸ್ಥಳ ಅಥವಾ ವ್ಯಾಪಾರದ ಸ್ಥಳದ ಮೇಲೆ ಅಧಿಕಾರವುಳ್ಳ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರವು ಈ ಅಧಿಕಾರ ನೀಡಿರುವ ಅಧೀನ ನ್ಯಾಯಾಲಯಕ್ಕೆ ಸಲ್ಲಿಸತಕ್ಕದ್ದು. ಬಂಧನದಲ್ಲಿರುವವರು ಬಂಧನದ ಸ್ಥಳದ ನ್ಯಾಯಾಲಯಕ್ಕೂ ಸಲ್ಲಿಸಬಹುದು. ಅಧೀನ ನ್ಯಾಯಾಲಯದ ಆದೇಶದ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಇರುತ್ತದೆ. ವಿಷಯವು ಹೈಕೋರ್ಟ್‌ಗೆ ಹೋದಲ್ಲಿ, 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಕಲಬುರಗಿ ಪೀಠವೇ ಇರುವುದರಿಂದ ಬೆಂಗಳೂರಿನ ಪ್ರಯಾಣ ಮತ್ತು ಅಲ್ಲಿನ ವಕೀಲರ ಖರ್ಚು ಬೇಕಾಗುವುದಿಲ್ಲ.

ಅರ್ಜಿಯಲ್ಲಿ ಎಲ್ಲ ಸಾಲಗಳ ವಿವರ, ಸಾಲ ಕೊಟ್ಟವರ ಹೆಸರು ಮತ್ತು ವಿಳಾಸ, ಸ್ವಂತ ಆಸ್ತಿಯ ಪೂರ್ಣ ಪಟ್ಟಿ ಹಾಗೂ ಹಿಂದೆ ದಿವಾಳಿ ಅರ್ಜಿ ಸಲ್ಲಿಸಿದ್ದರೆ ಅದರ ವಿವರ ಇರತಕ್ಕದ್ದು. ಈ ಪಟ್ಟಿಗಳನ್ನು ಅರ್ಜಿದಾರರೇ ಮುಂಚಿತವಾಗಿ ಬರೆದು, ಪಾಸ್‌ಬುಕ್, ಸಾಲಪತ್ರ, ನೋಟೀಸು ಮತ್ತು ಡಿಕ್ರಿಗಳ ಪ್ರತಿಯೊಂದಿಗೆ ಸಿದ್ಧಪಡಿಸಿಕೊಂಡರೆ ವಕೀಲರ ಕೆಲಸವೂ ಶುಲ್ಕವೂ ಕಡಿಮೆಯಾಗಲು ಅನುಕೂಲವಾಗುತ್ತದೆ. ವಕೀಲರಿಲ್ಲದೆ ಖುದ್ದಾಗಿ ಹಾಜರಾಗಲೂ ಅವಕಾಶವಿದೆ.

3. ಪ್ರಕರಣದ ಎರಡು ಮುಖ್ಯ ಹಂತಗಳು

ಅರ್ಜಿದಾರರು ಅಗತ್ಯವಾಗಿ ತಿಳಿದಿರಬೇಕಾದ ವಿಷಯವೆಂದರೆ, ದಿವಾಳಿ ಎಂದು ಘೋಷಣೆಯಾದ ಮಾತ್ರಕ್ಕೆ ಸಾಲ ತೀರಿದಂತೆ ಆಗುವುದಿಲ್ಲ.

ಮೊದಲನೇ ಹಂತ: ಘೋಷಣೆ. ನ್ಯಾಯಾಲಯವು ದಿವಾಳಿ ಎಂದು ಆದೇಶಿಸಿದ ಕೂಡಲೇ ಸಾಲಗಾರನ ಆಸ್ತಿಯು ನ್ಯಾಯಾಲಯದ ಅಥವಾ ರಿಸೀವರರ ವಶಕ್ಕೆ ಸೇರುತ್ತದೆ. ನ್ಯಾಯಾಲಯದ ಅನುಮತಿ ಇಲ್ಲದೆ ಸಾಲ ಕೊಟ್ಟವರು ಹೊಸ ದಾವೆ ಹೂಡುವಂತಿಲ್ಲ. ಆದರೆ ಅಡಮಾನ ಪಡೆದಿರುವ ಬ್ಯಾಂಕು ತನ್ನ ಅಡಮಾನದ ಹಕ್ಕನ್ನು ಚಲಾಯಿಸಬಹುದು. ಬಂಧನದಿಂದ ರಕ್ಷಣೆಗಾಗಿ ಪ್ರತ್ಯೇಕ ಆದೇಶವನ್ನು ಕೋರಬೇಕಾಗುತ್ತದೆ.

ಎರಡನೇ ಹಂತ: ಋಣಮುಕ್ತಿ ಆದೇಶ. ಘೋಷಣೆಯ ಆದೇಶದಲ್ಲಿಯೇ ನ್ಯಾಯಾಲಯವು ಋಣಮುಕ್ತಿಗಾಗಿ ಅರ್ಜಿ ಸಲ್ಲಿಸಲು ಅವಧಿಯೊಂದನ್ನು ಗೊತ್ತುಪಡಿಸಿರುತ್ತದೆ. ಆ ಅವಧಿಯೊಳಗೆ ಅರ್ಜಿ ಸಲ್ಲಿಸಿ, ವಿಚಾರಣೆಗೆ ಹಾಜರಾಗಿ, ಋಣಮುಕ್ತಿ ಆದೇಶ ಪಡೆದಾಗ ಮಾತ್ರ ಉಳಿದ ಸಾಲಗಳಿಂದ ಬಿಡುಗಡೆ ದೊರೆಯುತ್ತದೆ. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಉಂಟಾದ ಸಾಲ ಮತ್ತು ಜೀವನಾಂಶದ ಹೊಣೆ ಆಗಲೂ ಉಳಿಯುತ್ತವೆ.

ಅವಧಿ ಮೀರಿದಲ್ಲಿ 43ನೇ ಪ್ರಕರಣದ ಮೇರೆಗೆ ಘೋಷಣೆಯು ರದ್ದಾಗುತ್ತದೆ. ಹಾಗೆ ರದ್ದಾದವರು ನ್ಯಾಯಾಲಯದ ಅನುಮತಿ ಇಲ್ಲದೆ ಮತ್ತೊಂದು ದಿವಾಳಿ ಅರ್ಜಿ ಸಲ್ಲಿಸುವಂತಿಲ್ಲ.

ಉದಾಹರಣೆ: ಒಬ್ಬ ದರ್ಜಿಯು ಘೋಷಣೆಯ ಆದೇಶದವರೆಗಿನ ಕೆಲಸಕ್ಕೆ ವಕೀಲರಿಗೆ ಶುಲ್ಕ ನೀಡಿರುತ್ತಾನೆ ಎಂದಿಟ್ಟುಕೊಳ್ಳಿ. ಆದೇಶ ಬಂದ ಮೇಲೆ ಸಾಲ ತೀರಿತೆಂದು ತಿಳಿದು ಸುಮ್ಮನಾಗುತ್ತಾನೆ. ಮುಂದಿನ ಕೆಲಸವು ತಮ್ಮ ಒಪ್ಪಂದದಲ್ಲಿಲ್ಲವೆಂದು ವಕೀಲರು ಭಾವಿಸುತ್ತಾರೆ. ಒಂದು ವರ್ಷದ ಅವಧಿ ಕಳೆದು ಘೋಷಣೆ ರದ್ದಾಗುತ್ತದೆ. ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಇಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಶುಲ್ಕವು ಎಲ್ಲಿಯವರೆಗಿನ ಕೆಲಸಕ್ಕೆ ಎಂಬ ಒಂದು ಮಾತನ್ನು ಮೊದಲೇ ಆಡದಿದ್ದುದರಿಂದ ಹಣವೂ ಹೋಯಿತು, ಪರಿಹಾರವೂ ತಪ್ಪಿತು.

4. ವಕಾಲತ್ತು ನಾಮೆಗೆ ಸಹಿ ಮಾಡುವ ಮುನ್ನ

ವಕೀಲರು ಮತ್ತು ಕಕ್ಷಿದಾರರ ನಡುವಿನ ಶುಲ್ಕವು ಪರಸ್ಪರ ಒಪ್ಪಂದದ ವಿಷಯವಾಗಿರುತ್ತದೆ. ಅರ್ಜಿದಾರರು ಈ ಕೆಳಗಿನ ಅಂಶಗಳನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಮಾಡಿಕೊಳ್ಳುವುದು ಸೂಕ್ತ.

(1) ಒಟ್ಟು ಶುಲ್ಕವೆಷ್ಟು? ಅದು ಇಡೀ ಪ್ರಕರಣಕ್ಕೋ, ಪ್ರತಿ ಹಾಜರಾತಿಗೋ?
(2) ಅದರಲ್ಲಿ ಬಂಧನದಿಂದ ರಕ್ಷಣೆ ಕೋರುವ ಅರ್ಜಿ ಮತ್ತು ಋಣಮುಕ್ತಿಯ ಅರ್ಜಿ ಸೇರಿವೆಯೇ?
(3) ನ್ಯಾಯಾಲಯ ಶುಲ್ಕ, ನೋಟೀಸಿನ ಖರ್ಚು, ಟೈಪಿಂಗ್ ಮತ್ತು ಪ್ರಕಟಣೆಯ ಖರ್ಚು ಪ್ರತ್ಯೇಕವೇ?
(4) ಹಣವನ್ನು ಕಂತುಗಳಲ್ಲಿ ನೀಡಬಹುದೇ? ಯಾವ ಕಂತು ಯಾವ ಹಂತಕ್ಕೆ?
(5) ಮೇಲ್ಮನವಿ ಬಂದರೆ ಶುಲ್ಕವೇನು?

ಪ್ರತಿ ಪಾವತಿಗೂ ರಸೀದಿ ಪಡೆಯತಕ್ಕದ್ದು. ಹಿಂದಿನ ದಾವೆಗಳಲ್ಲಿ ಯಾವುದೇ ವಕೀಲರಿಗೆ ಶುಲ್ಕ ಬಾಕಿ ಇದ್ದಲ್ಲಿ ಅದೂ ಸಾಲವೇ ಆಗಿರುವುದರಿಂದ ಸಾಲಗಳ ಪಟ್ಟಿಯಲ್ಲಿ ನಮೂದಿಸಬೇಕು.

5. ವಕೀಲರು ಪಾಲಿಸಬೇಕಾದ ನಿಯಮಗಳು

ವಕೀಲರ ಅಧಿನಿಯಮ, 1961ರ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ವೃತ್ತಿ ನಡತೆಯ ನಿಯಮಗಳಲ್ಲಿ ಕಕ್ಷಿದಾರರಿಗೆ ಈ ಕೆಳಕಂಡ ರಕ್ಷಣೆಗಳಿವೆ.

• ಪ್ರಕರಣದ ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಗೊತ್ತುಪಡಿಸುವಂತಿಲ್ಲ. ದೊರೆತ ಹಣದಲ್ಲಿ ಪಾಲು ಕೇಳುವಂತಿಲ್ಲ. "ಸಾಲ ಎಷ್ಟು ಇಳಿಯುತ್ತದೋ ಅದರಲ್ಲಿ ಶೇಕಡಾ ಇಷ್ಟು" ಎಂಬ ಒಪ್ಪಂದವು ಈ ನಿಯಮಕ್ಕೆ ವಿರುದ್ಧ. ಶೇಕಡಾವಾರು ಶುಲ್ಕದ ಬೇಡಿಕೆ ಸಲ್ಲದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ತೀರ್ಪು ನೀಡಿದೆ.
• ಕಕ್ಷಿದಾರರಿಂದ ಪಡೆದ ಹಣದ ಲೆಕ್ಕವಿಡಬೇಕು. ಅದು ಶುಲ್ಕಕ್ಕೋ ಖರ್ಚಿಗೋ ಎಂಬುದನ್ನು ಲೆಕ್ಕದಲ್ಲಿ ತೋರಿಸಬೇಕು. ಖರ್ಚಿಗೆಂದು ಕೊಟ್ಟ ಹಣವನ್ನು ಪ್ರಕರಣ ನಡೆಯುತ್ತಿರುವಾಗ ಲಿಖಿತ ಒಪ್ಪಿಗೆ ಇಲ್ಲದೆ ಶುಲ್ಕಕ್ಕೆ ಹೊಂದಿಸಿಕೊಳ್ಳುವಂತಿಲ್ಲ.
• ಕೇಳಿದಾಗ, ಪ್ರತಿಯ ವೆಚ್ಚ ಪಡೆದು, ಲೆಕ್ಕದ ಪ್ರತಿಯನ್ನು ಕೊಡಬೇಕು.
• ಸಾಕಷ್ಟು ಕಾರಣ ಮತ್ತು ಸೂಕ್ತ ಮುನ್ಸೂಚನೆ ಇಲ್ಲದೆ ಪ್ರಕರಣದಿಂದ ಹಿಂದೆ ಸರಿಯುವಂತಿಲ್ಲ. ಸರಿದಲ್ಲಿ, ಮಾಡದ ಕೆಲಸದ ಶುಲ್ಕವನ್ನು ಹಿಂದಿರುಗಿಸಬೇಕು.

6. ಕಾಗದಪತ್ರಗಳು ಮತ್ತು ವಕೀಲರ ಬದಲಾವಣೆ

ಶುಲ್ಕ ಬಾಕಿ ಇದೆಯೆಂಬ ಕಾರಣಕ್ಕೆ ಕಕ್ಷಿದಾರರ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳಲು ವಕೀಲರಿಗೆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿದೆ. ಬಾಕಿ ಶುಲ್ಕಕ್ಕೆ ವಕೀಲರು ಬೇರೆ ಕಾನೂನು ಮಾರ್ಗ ಅನುಸರಿಸಬಹುದು. ಕಾಗದಪತ್ರಗಳನ್ನು ಮಾತ್ರ ಹಿಂದಿರುಗಿಸಬೇಕು. ಕಾಗದಪತ್ರಗಳನ್ನು ಕೋರುವ ಪತ್ರವನ್ನು ಅಂಚೆಯ ಮೂಲಕ ಕಳುಹಿಸಿ, ಸ್ವೀಕೃತಿಯನ್ನು ಕಾಯ್ದಿಟ್ಟುಕೊಳ್ಳುವುದು ಒಳ್ಳೆಯದು.

ಹೊಸ ವಕೀಲರು ಹಾಜರಾಗಲು ಹಿಂದಿನ ವಕೀಲರ ಒಪ್ಪಿಗೆ ಬೇಕು. ಒಪ್ಪಿಗೆ ದೊರೆಯದಿದ್ದರೆ ಕಾರಣ ವಿವರಿಸಿ ನ್ಯಾಯಾಲಯದ ಅನುಮತಿ ಪಡೆಯಬಹುದು. ಈ ತಕರಾರು ನಡೆಯುತ್ತಿರುವಾಗಲೂ ಋಣಮುಕ್ತಿ ಅರ್ಜಿಯ ಅವಧಿಯು ಓಡುತ್ತಲೇ ಇರುತ್ತದೆ. ಆದುದರಿಂದ ಅವಧಿ ಮುಗಿಯುವ ಮೊದಲೇ ಅರ್ಜಿದಾರರು ಖುದ್ದಾಗಿಯಾದರೂ ಅರ್ಜಿ ಸಲ್ಲಿಸಬೇಕು, ಇಲ್ಲವೇ ಅವಧಿ ವಿಸ್ತರಣೆ ಕೋರಬೇಕು.

7. ಉಚಿತ ವಕೀಲರ ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದ ಮೇರೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಅಭಿರಕ್ಷೆಯಲ್ಲಿರುವವರು ಹಾಗೂ ನೆರೆ, ಬರ ಮುಂತಾದ ವಿಪತ್ತಿಗೆ ತುತ್ತಾದವರು ಉಚಿತ ಕಾನೂನು ಸೇವೆಗೆ ಅರ್ಹರಾಗಿರುತ್ತಾರೆ. ಇತರರಿಗೆ ಸರ್ಕಾರವು ನಿಗದಿಪಡಿಸಿದ ವಾರ್ಷಿಕ ಆದಾಯದ ಮಿತಿ ಅನ್ವಯಿಸುತ್ತದೆ. ಆದಾಯದ ಬಗ್ಗೆ ಸಂದೇಹಕ್ಕೆ ಕಾರಣವಿಲ್ಲದಿದ್ದಲ್ಲಿ ಅರ್ಜಿದಾರರ ಪ್ರಮಾಣಪತ್ರವೇ ಸಾಕಾಗುತ್ತದೆ.

ನೆರವಿನಲ್ಲಿ ವಕೀಲರ ಸೇವೆಯೊಂದಿಗೆ ನ್ಯಾಯಾಲಯ ಶುಲ್ಕ ಮತ್ತು ಇತರ ಖರ್ಚುಗಳೂ ಸೇರುತ್ತವೆ. ನೇಮಕಗೊಂಡ ವಕೀಲರು ಅರ್ಜಿದಾರರಿಂದ ಯಾವುದೇ ಹಣ ಪಡೆಯುವಂತಿಲ್ಲ. ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. 15100 ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು. ಸಾಲ ಕೊಟ್ಟವರು ಒಪ್ಪುವುದಾದರೆ ಶುಲ್ಕವಿಲ್ಲದ ಲೋಕ ಅದಾಲತ್‌ನಲ್ಲಿಯೇ ಕಂತುಗಳ ಮೇಲೆ ರಾಜಿ ಮಾಡಿಕೊಂಡು ದಿವಾಳಿ ಅರ್ಜಿಯನ್ನು ತಪ್ಪಿಸಬಹುದಾಗಿದೆ.

8. ದೂರು ನೀಡುವುದು ಎಲ್ಲಿ

ವಕೀಲರ ಸೇವೆಯು ಗ್ರಾಹಕ ರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 14ನೇ ಮೇ 2024ರಂದು ತೀರ್ಪು ನೀಡಿದೆ. ಆದುದರಿಂದ ಗ್ರಾಹಕರ ಆಯೋಗಕ್ಕೆ ದೂರು ನೀಡಿದರೆ ಪ್ರಯೋಜನವಾಗುವುದಿಲ್ಲ. ವೃತ್ತಿ ದುರ್ನಡತೆಯ ಬಗ್ಗೆ 35ನೇ ಪ್ರಕರಣದ ಮೇರೆಗೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತ ದೂರು ಸಲ್ಲಿಸತಕ್ಕದ್ದು. ಪರಿಷತ್ತು ಛೀಮಾರಿ ಹಾಕಬಹುದು, ವೃತ್ತಿಯಿಂದ ಅಮಾನತುಗೊಳಿಸಬಹುದು ಅಥವಾ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಆದೇಶದ ಮೇಲೆ 60 ದಿನಗಳೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಇರುತ್ತದೆ. ಕೊಟ್ಟ ಹಣದ ವಸೂಲಿಗೆ ಸಿವಿಲ್ ದಾವೆಯ ಮಾರ್ಗವಿರುತ್ತದೆ. ಶುಲ್ಕ ಹೆಚ್ಚಾಯಿತೆಂಬ ಬೇಸರವೊಂದೇ ದುರ್ನಡತೆ ಎನಿಸುವುದಿಲ್ಲ. ರಸೀದಿ, ಒಪ್ಪಂದದ ಹಾಳೆ ಮತ್ತು ಲೆಕ್ಕದ ಪ್ರತಿ ಇದ್ದಾಗ ದೂರಿಗೆ ಬಲ ಬರುತ್ತದೆ.

9. ಅರ್ಜಿದಾರರು ಗಮನಿಸತಕ್ಕ ಇತರ ಅಂಶಗಳು

• ಮನೆ ಅಥವಾ ಜಮೀನನ್ನು ಸಂಬಂಧಿಕರ ಹೆಸರಿಗೆ ಬರೆದು ನಂತರ ಅರ್ಜಿ ಸಲ್ಲಿಸುವಂತೆ ಯಾರೇ ಸಲಹೆ ನೀಡಿದರೂ ಒಪ್ಪಬಾರದು. ವರ್ಗಾವಣೆಯ ನಂತರ 2 ವರ್ಷಗಳೊಳಗೆ ದಿವಾಳಿ ಅರ್ಜಿ ಸಲ್ಲಿಕೆಯಾಗಿ ಘೋಷಣೆಯಾದಲ್ಲಿ, ಪ್ರತಿಫಲವಿಲ್ಲದೆ ಮಾಡಿದ ಅಂತಹ ವರ್ಗಾವಣೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಆಸ್ತಿ ಮರೆಮಾಚುವುದು ಶಿಕ್ಷಾರ್ಹ ಅಪರಾಧ.
• ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದಂತೆ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಧನಗಳು, ಜೀವನೋಪಾಯಕ್ಕೆ ಬೇಕಾದ ದನ ಮತ್ತು ಬಿತ್ತನೆ ಬೀಜ, ಹಾಗೂ ರೈತ ಮತ್ತು ಕೂಲಿಕಾರರು ವಾಸಿಸುವ ಸ್ವಂತ ಮನೆ ಜಪ್ತಿಗೆ ಒಳಪಡುವುದಿಲ್ಲ.
• ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ. ಸಾಲ ತೀರಿಸುವ ಶಕ್ತಿಯೇ ಇಲ್ಲದ ಬಡವನನ್ನು ಸೆರೆಗೆ ಕಳುಹಿಸುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ.
• ಕಿರು ಸಾಲ ವಸೂಲಿಗಾರರ ಕಿರುಕುಳಕ್ಕೆ ದಿವಾಳಿ ಅರ್ಜಿಯೇ ಪರಿಹಾರವಲ್ಲ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿದ್ದು, ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಕಾನೂನು ಸಲಹೆಗೆ ಬದಲಿಯಾಗುವುದಿಲ್ಲ. ಘೋಷಣೆಯ ಆದೇಶದ ಪ್ರಮಾಣೀಕೃತ ಪ್ರತಿಯನ್ನು ಅರ್ಜಿದಾರರು ತಾವೇ ಪಡೆದು, ಋಣಮುಕ್ತಿ ಅರ್ಜಿಯ ಕೊನೆಯ ದಿನಾಂಕವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವಂತೆ ಕೋರಲಾಗಿದೆ.