ಕಾಳಿಯ ಕಲ್ಲು, ಗಂಡಕಿಯ ಕಲ್ಲು: ಅಮೊನೈಟ್ ಸಂಗ್ರಹದ ಇತಿಹಾಸದಲ್ಲಿ ಸ್ಥಳದ ಮಹತ್ವ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯು ಕಾಳೀ ನದಿಯ ದಡದಲ್ಲಿರುವ ಊರು. ದಾಂಡೇಲಿಯ ಮಾರ್ಗವಾಗಿ ಇಲ್ಲಿಗೆ ಬರುವ ವಿದ್ಯಾರ್ಥಿಗಳು ನದಿಯ ಪಾತ್ರದಲ್ಲಿ ಸವೆದು ನಯವಾದ ಕಲ್ಲುಗಳನ್ನು ಆಯ್ದುಕೊಳ್ಳುವುದು ಸಹಜವೇ ಆಗಿದೆ. ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವನ್ನು ಕಂಡಿರುವವರು, ಅಂಥ ಚಕ್ರದ ಗುರುತುಳ್ಳ ಕಲ್ಲು ಈ ಹೊಳೆಯಲ್ಲಿಯೂ ದೊರೆಯಬಹುದೇ ಎಂದು ಕೇಳುವುದುಂಟು. ದೊರೆಯದು ಎಂಬುದೇ ಉತ್ತರ. ಏಕೆ ದೊರೆಯದು ಎಂಬುದನ್ನು ವಿಚಾರಿಸಹೊರಟರೆ, ಕಲ್ಲನ್ನು ಸಂಗ್ರಹಿಸುವುದೆಂದರೇನು ಎಂಬ ಪ್ರಶ್ನೆಯೂ ಅದರೊಡನೆ ಏಳುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದಾಗಿದೆ.

ಅಮೊನೈಟ್ ಎಂಬುದು ಬಹುಕಾಲದ ಹಿಂದೆ ಸಮುದ್ರಗಳಲ್ಲಿ ಬಾಳಿ ಅಳಿದುಹೋದ ಒಂದು ಮೃದ್ವಂಗಿ. ನಮ್ಮ ಕರಾವಳಿಯಲ್ಲಿ ಬೊಂಡಾಸು ಎಂದು ಕರೆಯುವ ಜೀವಿಗೆ ಇದು ದೂರದ ಸಂಬಂಧಿ. ಇದರ ಚಿಪ್ಪು ಸುರುಳಿಯಾಗಿ ಸುತ್ತಿಕೊಂಡು, ಒಳಗೆ ಅನೇಕ ಕೋಣೆಗಳಾಗಿ ವಿಭಾಗಗೊಂಡಿರುತ್ತದೆ. ಟಗರಿನ ಕೊಂಬುಗಳನ್ನು ಧರಿಸಿದ ಅಮ್ಮೊನ್ ದೇವತೆಯ ನೆನಪಿನಿಂದ ಪಾಶ್ಚಾತ್ಯರು ಇದಕ್ಕೆ ಈ ಹೆಸರನ್ನಿಟ್ಟರು. ಇಂಗ್ಲೆಂಡಿನ ವ್ಹಿಟ್ಬಿಯ ಜನ ಇದನ್ನು ಕಲ್ಲಾಗಿ ಹೋದ ಹಾವೆಂದು ಭಾವಿಸಿದ್ದರು. ಈ ಜೀವಿಗಳ ವಂಶವು ಹುಟ್ಟಿದುದು ಸುಮಾರು ೪೦ ಕೋಟಿ ವರ್ಷಗಳ ಹಿಂದೆ. ಅಳಿದುದು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ.

ಗಣೇಶಗುಡಿಯ ಸುತ್ತಲಿನ ಬಂಡೆಗಳಾದರೋ ೨೫೦ ಕೋಟಿ ವರ್ಷಗಳಿಗಿಂತ ಹಳೆಯವು. ರಾಬರ್ಟ್ ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಧಾರವಾಡದ ಹೆಸರಿನಿಂದ ಕರೆದ ಪ್ರಾಚೀನ ಶಿಲಾಸಮೂಹ ಈ ಸೀಮೆಯಲ್ಲಿ ಹರಡಿದೆ. ಆ ಶಿಲೆಗಳಲ್ಲಿಯೂ ಕೆಲವು ನೀರಿನ ತಳದಲ್ಲಿ ನಿಂತ ಕೆಸರು ಮರಳುಗಳಿಂದಲೇ ಆದವು. ಧಾರವಾಡ ಶಿಲಾಸಮೂಹದ ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಕೆಲವೆಡೆ ಕಂಡುಬಂದಿವೆ. ಆದರೆ ಚಿಪ್ಪುಳ್ಳ ಪ್ರಾಣಿ ಆಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಆದುದರಿಂದ ಕಾಳೀ ನದಿಯು ಎಷ್ಟು ಕಲ್ಲುಗಳನ್ನು ಉರುಳಿಸಿ ತಂದರೂ ಅವುಗಳಲ್ಲಿ ಅಮೊನೈಟ್ ಇರಲಾರದು.

ಹಾಗಿದ್ದರೂ ಅಮೊನೈಟ್ ಕನ್ನಡಿಗರಿಗೆ ಅಪರಿಚಿತವಲ್ಲ. ಭೂವಿಜ್ಞಾನದ ಹೆಸರೇ ಕೇಳಿಬರುವ ಮೊದಲು ಅದು ನಮ್ಮ ಮಠಗಳನ್ನೂ ಮನೆಗಳನ್ನೂ ಸಾಲಿಗ್ರಾಮದ ರೂಪದಲ್ಲಿ ಸೇರಿತ್ತು. ವಿಶೇಷವೆಂದರೆ, ಸಾಲಿಗ್ರಾಮವನ್ನು ಕೊಡುವ ನೇಪಾಳದ ನದಿಯ ಹೆಸರೂ ಕಾಳಿಯೇ: ಕಾಳೀ ಗಂಡಕಿ. ಮುಕ್ತಿನಾಥ ಕ್ಷೇತ್ರವಿರುವ ಆ ಹಿಮಾಲಯ ಪ್ರಾಂತದಲ್ಲಿ ಹಿಂದೆ ಟೆಥಿಸ್ ಎಂಬ ಸಮುದ್ರವಿತ್ತು. ಅದರ ತಳದ ಕಪ್ಪು ಕೆಸರಿನಲ್ಲಿ ಹುದುಗಿದ ಅಮೊನೈಟುಗಳ ಸುತ್ತ ಗಟ್ಟಿಯಾದ ಉಂಡೆಗಳು ಬೆಳೆದವು. ಪರ್ವತಗಳು ಮೇಲೆದ್ದ ತರುವಾಯ ನದಿಯು ಅವುಗಳನ್ನು ಬಿಡಿಸಿ ಕೆಳಗೆ ತಂದಿತು. ಎಲ್ಲ ಸಾಲಿಗ್ರಾಮಗಳಲ್ಲಿಯೂ ಚಿಪ್ಪಿನ ಗುರುತು ಇರುವುದಿಲ್ಲವಾದರೂ, ಚಕ್ರವು ಸ್ಪಷ್ಟವಾಗಿ ಕಾಣುವ ಅನೇಕ ಕಲ್ಲುಗಳಲ್ಲಿ ನಾವು ನೋಡುವುದು ಅಮೊನೈಟಿನ ಸುರುಳಿಯನ್ನೇ.

ಈ ಸಂಗ್ರಹಕ್ಕೆ ತನ್ನದೇ ಆದ ಶಾಸ್ತ್ರವಿತ್ತು. ದ್ವಾರ, ಚಕ್ರ, ವರ್ಣ, ಗಾತ್ರಗಳನ್ನು ನೋಡಿ ಲಕ್ಷ್ಮೀನಾರಾಯಣ, ನರಸಿಂಹ, ಸುದರ್ಶನ ಮುಂತಾಗಿ ಭೇದಗಳನ್ನು ನಿರ್ಣಯಿಸುತ್ತಿದ್ದರು. ಕಲ್ಲಿನೊಳಗಿನ ಸುರುಳಿಯನ್ನು ವಜ್ರಕೀಟವೆಂಬ ಹುಳು ಕೊರೆಯಿತೆಂಬುದು ಪರಂಪರೆಯ ಮಾತು. ಆ ಆಕಾರಕ್ಕೆ ಜೀವಿಯೊಂದು ಕಾರಣವೆಂಬ ಊಹೆ ಅದರಲ್ಲಿ ಅಡಗಿರುವುದು ಗಮನಾರ್ಹ. ಆದರೆ ಪೂಜೆಗೆ ಗಂಡಕಿಯ ಕಲ್ಲು ಎಂಬಷ್ಟೇ ಸಾಕಾಗಿತ್ತು. ಯಾವ ಬೆಟ್ಟದ ಯಾವ ಪದರದಿಂದ ಅದು ಬಂತೆಂಬುದು ಬೇಕಿರಲಿಲ್ಲ. ನದಿಯಿಂದ ಆಯ್ದ ಕಲ್ಲಿಗೆ ಅದನ್ನು ಹೇಳುವುದೂ ಸುಲಭವಲ್ಲ.

ಭೂವಿಜ್ಞಾನಕ್ಕೆ ಬೇಕಾದುದಾದರೋ ಆ ಪದರವೇ. ಅಮೊನೈಟುಗಳ ಜಾತಿಗಳು ಬೇಗ ಬೇಗ ಬದಲಾಗುತ್ತ ವಿಶಾಲ ಸಮುದ್ರಗಳಲ್ಲಿ ಹರಡಿದ್ದುದರಿಂದ, ಒಂದೊಂದು ಜಾತಿಯೂ ಒಂದೊಂದು ಅಲ್ಪಾವಧಿಯ ಗುರುತಾಗುತ್ತದೆ. ಜರ್ಮನಿಯ ಆಲ್ಬರ್ಟ್ ಓಪೆಲನು ೧೮೫೬–೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ಅನುಸರಿಸಿ ಜುರಾಸಿಕ್ ಯುಗದ ಸ್ತರಗಳನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿದನು. ಶಾಸನವನ್ನು ಓದಿ ಅರಸನ ಕಾಲವನ್ನು ನಿರ್ಣಯಿಸುವಂತೆ, ಅಮೊನೈಟನ್ನು ನೋಡಿ ಬಂಡೆಯ ಕಾಲವನ್ನು ನಿರ್ಣಯಿಸಬಹುದಾಯಿತು. ಸ್ಥಳ ಬಿಟ್ಟ ಶಾಸನದಿಂದ ಇತಿಹಾಸಕಾರನಿಗೆ ಒದಗುವ ತೊಡಕು ಭೂವಿಜ್ಞಾನಿಗೂ ತಪ್ಪಿದುದಲ್ಲ.

ಇದಕ್ಕೆ ದಕ್ಷಿಣ ಭಾರತದಲ್ಲಿಯೇ ಒಂದು ನಿದರ್ಶನವಿದೆ. ಮದರಾಸು ಸರಕಾರದ ಅಧಿಕಾರಿಗಳಾದ ಕೇ ಮತ್ತು ಕನ್ಲಿಫ್ ಎಂಬವರು ಪಾಂಡಿಚೇರಿ, ವೃದ್ಧಾಚಲ, ತಿರುಚಿನಾಪಳ್ಳಿಗಳ ಸುತ್ತಿನಲ್ಲಿ ಪಳೆಯುಳಿಕೆಗಳನ್ನು ಸಂಗ್ರಹಿಸಿದರು. ಅವುಗಳನ್ನು ಪರೀಕ್ಷಿಸಿದ ಎಡ್ವರ್ಡ್ ಫೋರ್ಬ್ಸನ ವರದಿ ೧೮೪೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಸ್ತರಗಳನ್ನು ಕಣ್ಣಾರೆ ಕಾಣದ ಫೋರ್ಬ್ಸನು ಚಿಪ್ಪುಗಳ ಲಕ್ಷಣಗಳನ್ನೇ ನಂಬಿ ಪಾಂಡಿಚೇರಿಯ ಸ್ತರಗಳನ್ನು ಕ್ರಿಟೇಶಿಯಸ್ ಯುಗದ ಆದಿಭಾಗಕ್ಕೆ ಸೇರಿಸಿದನು. ಅನಂತರ ಹೆನ್ರಿ ಬ್ಲ್ಯಾನ್‌ಫರ್ಡನು ಆ ಪ್ರದೇಶವನ್ನು ನಡೆದು ಸರ್ವೇಕ್ಷಣ ಮಾಡಿ ಉಟಾಟೂರು, ತಿರುಚಿನಾಪಳ್ಳಿ, ಅರಿಯಲೂರು ಎಂಬ ಮೂರು ಸ್ತರಸಮೂಹಗಳನ್ನು ಗುರುತಿಸಿದನು. ಅಲ್ಲಿಯ ಅಮೊನೈಟುಗಳನ್ನು ೧೮೬೩ರಿಂದ ವಿವರಿಸತೊಡಗಿದವನು ಫರ್ಡಿನೆಂಡ್ ಸ್ಟೊಲಿಚ್ಕಾ. ಶತಮಾನದ ಕೊನೆಯಲ್ಲಿ ವಾರ್ಥ್ ಎಂಬ ವಿದ್ವಾಂಸನು ಪಾಂಡಿಚೇರಿಯ ಪಳೆಯುಳಿಕೆಗಳನ್ನು ಪದರ ಪದರವಾಗಿ ಬೇರ್ಪಡಿಸಿ ಸಂಗ್ರಹಿಸಿದನು. ಫ್ರಾಂಟ್ಸ್ ಕೊಸ್ಮಾಟನು ೧೮೯೫–೯೮ರಲ್ಲಿ ದಕ್ಷಿಣ ಭಾರತದ ಸಂಗ್ರಹಗಳನ್ನು ಮರುಪರಿಶೀಲಿಸಿದನು. ಫೋರ್ಬ್ಸನು ಆದಿಭಾಗಕ್ಕೆ ಸೇರಿಸಿದ್ದ ಆ ಸ್ತರಗಳು ಯುಗದ ಅಂತ್ಯಭಾಗಕ್ಕೆ ಸೇರಿದವೆಂದು ಆಗ ಸಿದ್ಧವಾಯಿತು. ಅರ್ಧ ಶತಮಾನದ ತಪ್ಪನ್ನು ತಿದ್ದುವುದರಲ್ಲಿ, ಯಾವ ಚಿಪ್ಪು ಯಾವ ಪದರದ್ದೆಂಬ ಬರಹಕ್ಕೆ ದೊಡ್ಡ ಪಾಲಿದೆ.

ಈ ಪರಂಪರೆಯಲ್ಲಿ ಕನ್ನಡ ನಾಡಿಗೂ ಭಾಗವುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು ಅದೇ ತಿರುಚಿನಾಪಳ್ಳಿ ಸೀಮೆಯ ಸ್ತರಗಳನ್ನು ಅಭ್ಯಸಿಸಿ, ಅಲ್ಲಿಯ ಪಳೆಯುಳಿಕೆ ಪಾಚಿಗಳನ್ನು ಕುರಿತು ಯೂಲಿಯಸ್ ಪಿಯಾ ಎಂಬ ವಿದ್ವಾಂಸನೊಡನೆ ೧೯೩೬ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ತಮ್ಮ ನಾಡಿನ ಬಂಡೆಗಳಲ್ಲಿ ಚಿಪ್ಪುಗಳಿಲ್ಲವೆಂದು ಅವರು ಕೈಕಟ್ಟಿ ಕೂಡಲಿಲ್ಲ.

ಇಂದು ಅರಿಯಲೂರಿನ ಸುಣ್ಣಕಲ್ಲನ್ನು ಸಿಮೆಂಟಿಗಾಗಿ ತೋಡಲಾಗುತ್ತಿದೆ. ತೋಡಿದ ಪದರವನ್ನು ಮತ್ತೆ ನೋಡುವಂತಿಲ್ಲ. ಗಣೇಶಗುಡಿಯಲ್ಲಿಯೂ ಇದಕ್ಕೆ ಸದೃಶವಾದ ಸಂಗತಿ ನಡೆದಿದೆ. ಕಾಳಿಗೆ ಅಡ್ಡಲಾಗಿ ಇಲ್ಲಿ ಕಟ್ಟಿದ ೧೦೧ ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ, ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರು ಮುಳುಗಿತು. ಅದರೊಡನೆ ಕಣಿವೆಯ ತಳದ ಬಂಡೆಗಳೂ ಮುಳುಗಿದವು. ಅಲ್ಲಿಂದ ಹಿಂದೆ ಯಾರಾದರೂ ಒಂದು ಕಲ್ಲನ್ನು ತಂದು ಸ್ಥಳವನ್ನು ಬರೆದಿಟ್ಟಿದ್ದರೆ ಆ ಚೀಟಿಯೇ ಈಗ ಸಾಕ್ಷಿ.

ಕಾಲೇಜೊಂದರ ಕಪಾಟಿನಲ್ಲಿ ಸುಂದರವಾದ ಅಮೊನೈಟೊಂದನ್ನು ಈ ಲೇಖಕನು ಕಂಡದ್ದುಂಟು. ಅದರ ಚೀಟಿಯಲ್ಲಿ ‘ದಕ್ಷಿಣ ಭಾರತ’ ಎಂದಷ್ಟೇ ಬರೆದಿತ್ತು. ನೋಡುವವರಿಗೆ ಅದು ಆನಂದವನ್ನು ಕೊಡಬಲ್ಲುದು. ತಾನು ಬಾಳಿದ ಸಮುದ್ರದ ಚರಿತ್ರೆಗೆ ಸಾಕ್ಷಿ ನುಡಿಯಲಾರದು. ಗಣೇಶಗುಡಿಗೆ ಬಂದ ವಿದ್ಯಾರ್ಥಿಯು ಸಾಮಾನ್ಯವಾದ ಒಂದು ಕಲ್ಲನ್ನೇ ಆರಿಸಿಕೊಳ್ಳಲಿ. ಅದನ್ನು ಎಲ್ಲಿ, ಎಂದು, ಬಂಡೆಯಿಂದಲೋ ಹೊಳೆಯ ಪಾತ್ರದಿಂದಲೋ ತೆಗೆದನೆಂಬುದನ್ನು ಅಲ್ಲಿಯೇ ಬರೆದಿಟ್ಟುಕೊಂಡರೆ, ಅವನ ಸಂಗ್ರಹ ಅಂದಿನಿಂದಲೇ ಶಾಸ್ತ್ರಕ್ಕೆ ಸೇರುತ್ತದೆ.