ಕ್ಯಾಬೆರಾ ಪ್ಯುಸೇರಿಯ

ಜಿಯೊಮೆಟ್ರಿಡೀ ಕುಟುಂಬಕ್ಕೆ ಸೇರಿದ ಬಿಳಿಯ ಕಾಡುಪತಂಗ. ಇಂಗ್ಲಿಷಿನಲ್ಲಿ ಇದಕ್ಕೆ ಕಾಮನ್ ವೈಟ್ ವೇವ್ ಎಂದು ಹೆಸರು. ಯುರೋಪಿನಿಂದ ಸೈಬೀರಿಯದವರೆಗೆ ಹರಡಿದ್ದು, ಬ್ರಿಟನ್ನಿನ ಕಾಡುಗಳಲ್ಲಿ ಸಾಮಾನ್ಯ. 1758ರಲ್ಲಿ ಲಿನೇಯಸ್ ಇದನ್ನು ವರ್ಣಿಸಿದ.

ರೆಕ್ಕೆ ಬಿಚ್ಚಿದಾಗ ಅಗಲ ಸುಮಾರು 3 ಸೆಂಮೀ. ಬಿಳಿ ರೆಕ್ಕೆಯ ಮೇಲೆ ಬೂದುಬಣ್ಣದ ನವಿರಾದ ಪುಡಿ ಉದುರಿಸಿದಂತಿರುತ್ತದೆ. ಮುಂದಿನ ರೆಕ್ಕೆಯಲ್ಲಿ ಮೂರು, ಹಿಂದಿನದರಲ್ಲಿ ಎರಡು ಮಸುಕು ಗೆರೆಗಳಿವೆ. ಗಂಡಿನ ಮೀಸೆ ಗರಿಯಂತೆ ಕವಲೊಡೆದಿದ್ದರೆ ಹೆಣ್ಣಿನದು ಎಳೆಯಂತೆ ಸರಳ. ಇದೇ ಕುಲದ ಕ್ಯಾಬೆರಾ ಎಕ್ಸಾಂತಿಮೇಟ ಜೊತೆಗೆ ಗುರುತು ತಪ್ಪುವುದು ಸಹಜ. ಅದರ ಬಣ್ಣ ತುಸು ಮರಳುಗಂದು, ಹೊರಗೆರೆ ಹೆಚ್ಚು ಬಾಗಿದ್ದು; ಪ್ಯುಸೇರಿಯದ ಗೆರೆಗಳು ಹೆಚ್ಚು ನೇರ, ಬಹುಮಟ್ಟಿಗೆ ಸಮಾನಾಂತರ. ರೆಕ್ಕೆಯ ಪುಡಿ ಸವೆದ ಹಳೆಯ ಪತಂಗದಲ್ಲಿ ಬಣ್ಣವನ್ನು ನಂಬುವುದಕ್ಕಿಂತ ಗೆರೆಗಳ ಬಾಗನ್ನು ನೋಡುವುದೇ ಲೇಸು.

ಪತಂಗಗಳು ಮೇ ತಿಂಗಳಿಂದ ಆಗಸ್ಟ್‌ವರೆಗೆ ಹಾರಾಡುತ್ತವೆ. ಬೆಚ್ಚಗಿನ ದಕ್ಷಿಣ ಭಾಗಗಳಲ್ಲಿ ವರ್ಷಕ್ಕೆ ಎರಡು ಪೀಳಿಗೆ. ಮರಿಹುಳು ಬರ್ಚ್, ಆಲ್ಡರ್, ವಿಲೋ ಮರಗಳ ಎಲೆ ತಿನ್ನುತ್ತದೆ. ಹಸಿರು ಇಲ್ಲವೆ ಕಂದು ಬಣ್ಣದ ಈ ಹುಳುವಿನ ನಡುಭಾಗದಲ್ಲಿ ಕಾಲುಗಳಿಲ್ಲ. ಆದ್ದರಿಂದ ಹಿಂಭಾಗವನ್ನು ಮುಂಗಾಲಿನ ಬಳಿಗೆ ಎಳೆದುಕೊಂಡು, ಬೆನ್ನನ್ನು ಕಮಾನಾಗಿಸಿ ಮುಂದೆ ಸಾಗುತ್ತದೆ. ಇಂಥ ನಡಿಗೆಯ ಹುಳುಗಳನ್ನೇ ನಮ್ಮ ರೈತರು ಕೊಂಡಿಹುಳು ಎನ್ನುವುದು. ಬೆದರಿದರೆ ಹಿಂಗಾಲುಗಳಿಂದ ರೆಂಬೆ ಹಿಡಿದು ಮೈ ಸೆಟೆಸಿ ನಿಲ್ಲುತ್ತದೆ. ಆಗ ಅದನ್ನು ಕಡ್ಡಿಯಿಂದ ಬೇರ್ಪಡಿಸಿ ಕಾಣುವುದು ಹಕ್ಕಿಗೂ ಕಷ್ಟ. ಬೆಳೆದ ಹುಳು ನೆಲಕ್ಕಿಳಿದು ಕೋಶಾವಸ್ಥೆಗೆ ಹೋಗುತ್ತದೆ. ಚಳಿಗಾಲ ಕಳೆಯುವುದು ಈ ಕೋಶದ ರೂಪದಲ್ಲೇ.