ಕಲ್ಕತ್ತಕ್ಕೆ ಹೋದವರು, ಬೆಂಗಳೂರಿಗೆ ಬಂದವರು

ಈ ಸಂಚಿಕೆಗೆ ಲೇಖನ ಬೇಕೆಂದು ಬಂದ ಹುಡುಗರು ವಿಷಯವನ್ನೂ ತಾವೇ ಹೇಳಿ ಹೋದರು: ‘ಛೆಟ್ರಿ ದೊಡ್ಡೋರಾ, ಹಳೇ ಕಾಲದೋರು ದೊಡ್ಡೋರಾ, ನೀವೇ ಒಂದು ತೀರ್ಮಾನ ಹೇಳ್ಬಿಡಿ ಸಾರ್.’ ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಒಂದು ಕಡೆ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿಯವರ 95 ಅಂತರರಾಷ್ಟ್ರೀಯ ಗೋಲು, ಇನ್ನೊಂದು ಕಡೆ ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿ ಬಂದವರ ಹೆಸರು. ಲೆಕ್ಕ ಹಾಕಿದರೆ ಛೆಟ್ರಿ ಗೆಲ್ಲುತ್ತಾರೆ, ಕಥೆ ಹೇಳಿದರೆ ಹಳಬರು ಗೆಲ್ಲುತ್ತಾರೆ. ಇವೆರಡನ್ನೂ ಬಿಟ್ಟು ನೋಡಬೇಕಾದ ಇನ್ನೊಂದು ಸಂಗತಿ ಇದೆ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಅದಕ್ಕೇ ಒಪ್ಪಿಕೊಂಡೆ.

ಮೊದಲು ನಮ್ಮ ಭಾಗಕ್ಕೆ ಈ ಆಟ ಬಂದ ದಾರಿ. ವರ್ತೂರು, ಗುಂಜೂರು, ಬಳಗೆರೆ, ಸೋರಹುಣಸೆಯ ಹಳಬರನ್ನು ಕೇಳಿದರೆ ಕಬಡ್ಡಿ, ಖೋ ಖೋ, ವಾಲಿಬಾಲ್ ಎನ್ನುತ್ತಾರೆಯೇ ಹೊರತು ಫುಟ್‌ಬಾಲ್ ಎನ್ನುವುದಿಲ್ಲ. ಫುಟ್‌ಬಾಲ್ ದಂಡಿನವರ ಆಟ. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಗೋರಾ ಸಿಪಾಯಿಗಳನ್ನು ನೋಡಿ ಕಲಿತ ಆಟ. ನಮಗೆ ಹತ್ತಿರದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಊರು. ಆದರೂ ಹಳ್ಳಿಯ ಹುಡುಗರಿಗೆ ಈ ಆಟವನ್ನು ನಿಜವಾಗಿ ಹಚ್ಚಿದ್ದು ಕಾರ್ಖಾನೆಗಳು. 1940ರಲ್ಲಿ ಎಚ್‌ಎಎಲ್ ಶುರುವಾಯಿತು, 1948ರಲ್ಲಿ ದೂರವಾಣಿ ನಗರದ ಐಟಿಐ. ಮಾರತಹಳ್ಳಿ ಮೇಲೆ ಸೈಕಲ್ ತುಳಿದುಕೊಂಡು ಶಿಫ್ಟಿಗೆ ಹೋಗುತ್ತಿದ್ದವರು ಸಂಜೆ ಊರಿಗೆ ಹೊತ್ತು ತಂದದ್ದು ಸಂಬಳದ ಜೊತೆಗೆ ಫ್ಯಾಕ್ಟರಿ ಟೀಮಿನ ಸುದ್ದಿ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಎಸ್‌ಸಿ, ಎಂಇಜಿ ತಂಡಗಳ ನಡುವೆ ಆಟ ಇದ್ದರೆ ಮಧ್ಯಾಹ್ನದ ಶಿಫ್ಟು ಬದಲಾಯಿಸಿಕೊಳ್ಳಲು ಜನ ಓಡಾಡುತ್ತಿದ್ದರು. ಆಟ ಚೆನ್ನಾಗಿ ಬಂದರೆ ಕೆಲಸ ಸಿಗುತ್ತದೆ ಎಂಬ ಆಸೆಯೂ ಇತ್ತು. ಆ ಆಸೆಯೇ ಎಷ್ಟೋ ಹುಡುಗರ ಕೋಚು.

ರಾಗಿ ಕೊಯ್ಲಾದ ಮೇಲೆ ಹೊಲವೇ ಮೈದಾನ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಚರ್ಮದ ಚೆಂಡಿನ ಬಾಯಿಗೆ ದಾರದ ಹೊಲಿಗೆ, ಒಳಗೆ ರಬ್ಬರ್ ಬ್ಲಾಡರ್. ಇಬ್ಬನಿಯಲ್ಲಿ ನೆಂದರೆ ಚೆಂಡು ಕಲ್ಲಿನಷ್ಟು ಭಾರ. ಆ ಹೊಲಿಗೆ ಇರುವ ಕಡೆ ತಲೆ ಕೊಟ್ಟವನ ಹಣೆಯ ಮೇಲೆ ಎರಡು ದಿನ ಬರೆ. ಈಗ ಬಳಗೆರೆ ರಸ್ತೆಯ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್ ಮೇಲೆ, ಬಲೆ ಕಟ್ಟಿದ ಆವರಣದೊಳಗೆ, ರಾತ್ರಿ ಹತ್ತಕ್ಕೂ ದೀಪ ಹಾಕಿಕೊಂಡು ಆಡುವ ಹುಡುಗರಿಗೆ ಇದನ್ನು ಹೇಳಿದರೆ ಸಿನಿಮಾ ಕಥೆಯಂತೆ ಕೇಳುತ್ತಾರೆ.

ಹೋಲಿಕೆಯ ಮೊದಲ ತೊಡಕು ಇಲ್ಲೇ ಇದೆ. ಹಳಬರು ಆಡಿದ ಆಟ ಮತ್ತು ಇಂದಿನ ಆಟ ಹೆಸರಿಗೆ ಮಾತ್ರ ಒಂದೇ. ಆಗ ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್. ನಮ್ಮ ದೇಶದ ಪಂದ್ಯಗಳು ಆಗ 70 ನಿಮಿಷಕ್ಕೆ ಮುಗಿಯುತ್ತಿದ್ದವು. ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಜನ ಆಡಬೇಕು, ಬದಲಿ ಆಟಗಾರ ಎಂಬುದೇ ಇಲ್ಲ. ಈಗ ಒಂದು ಪಂದ್ಯಕ್ಕೆ ಐವರನ್ನು ಬದಲಾಯಿಸಬಹುದು.

ಆ ಐವರು ಫಾರ್ವರ್ಡ್‌ಗಳಲ್ಲಿ ಎಡಗಡೆಯ ಎರಡನೆಯವನು ಇನ್‌ಸೈಡ್ ಲೆಫ್ಟ್. ಆಟದ ಮಿದುಳು ಅಲ್ಲೇ ಇರುತ್ತಿತ್ತು. ಹಾಫ್‌ಬ್ಯಾಕ್ ಕೊಟ್ಟ ಚೆಂಡನ್ನು ಹಿಡಿದು, ಒಂದು ಕ್ಷಣ ನಿಲ್ಲಿಸಿ, ಯಾರು ಎಲ್ಲಿ ಓಡಬೇಕೆಂದು ಕಾಲಿನಿಂದಲೇ ಹೇಳುವ ಕೆಲಸ. ಆ ಜಾಗಕ್ಕೆ ಬೆಂಗಳೂರು ಕೊಟ್ಟ ಹೆಸರು ಅಹ್ಮದ್ ಖಾನ್. 1926ರಲ್ಲಿ ಇಲ್ಲೇ ಹುಟ್ಟಿದವರು, ಮನೆಮಂದಿಯೆಲ್ಲ ಚೆಂಡಿನ ಹಿಂದೆ ಓಡುತ್ತಿದ್ದ ಕುಟುಂಬ. 1948ರ ಲಂಡನ್ ಒಲಿಂಪಿಕ್ಸ್, 1951ರ ದೆಹಲಿ ಏಷ್ಯನ್ ಗೇಮ್ಸ್‌ನ ಚಿನ್ನ, 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಮೂರರಲ್ಲೂ ಅವರಿದ್ದರು. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮವರ ಮೇಲೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಒಂದು ಗೋಲು ಅಹ್ಮದ್ ಖಾನರದು. ಭಾರತದ ಆಟಗಾರರು ಬೂಟು ಹಾಕಲೇಬೇಕು ಎಂಬ ಮಾತು ಗಟ್ಟಿಯಾದದ್ದು ಆ ಸೋಲಿನ ನಂತರವೇ.

1948ರ ಲಂಡನ್ನಿನಲ್ಲಿ ಗೋಲು ಹೊಡೆದವರೂ ನಮ್ಮವರೇ, ಸಾರಂಗಪಾಣಿ ರಾಮನ್. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಪಂದ್ಯ ನಡೆಯಿತು. ಬಹುಪಾಲು ನಮ್ಮವರಿಗೆ ಕಾಲಲ್ಲಿ ಬೂಟಿಲ್ಲ, ಸುತ್ತಿದ ಬ್ಯಾಂಡೇಜು ಮಾತ್ರ. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು, 1–2ರಿಂದ ಸೋತರು. ಹಾಗೆ ನೋಡಿದರೆ ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶ ಹೊಡೆದ ಎರಡು ಗೋಲುಗಳೂ ಬೆಂಗಳೂರಿನ ಕಾಲಿನಿಂದ ಬಂದವು. ಈ ಮಾತನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಿತ್ತು.

ಈಗ ನಾನು ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು, ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್, ಈ ಐವರನ್ನು ಕಲ್ಕತ್ತದ ಜನ ಪಂಚಪಾಂಡವರು ಎಂದು ಕರೆದು ಹೆಗಲ ಮೇಲೆ ಹೊತ್ತು ಮೆರೆಸಿದರು. 1949, 50, 51, ಮೂರು ವರ್ಷ ಸಾಲಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಚೆಂಡನ್ನು ಆಡಿಸುವ ಕಾಲ್ಚಳಕ ನೋಡಿ ಅಹ್ಮದರಿಗೆ ಹಾವಾಡಿಗ ಎಂಬ ಬಿರುದನ್ನೂ ಕೊಟ್ಟರು. ಅಂದರೆ ನಮ್ಮೂರಿನ ಶ್ರೇಷ್ಠ ಆಟಗಾರನ ಅತ್ಯುತ್ತಮ ಹತ್ತು ವರ್ಷಗಳನ್ನು ನೋಡಿದ್ದು ಕಲ್ಕತ್ತ. ನಮ್ಮ ಪಾಲಿಗೆ ಬಂದದ್ದು ಪೇಪರಿನ ಸುದ್ದಿ.

ಇದು ಅವರೊಬ್ಬರ ಕಥೆಯಲ್ಲ. 1956ರ ಮೆಲ್ಬರ್ನ್, 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿದ್ದ ಹಾಫ್‌ಬ್ಯಾಕ್ ಕೆಂಪಯ್ಯ ಕಲ್ಕತ್ತದ ಮೋಹನ್ ಬಗಾನ್‌ಗೆ ಹೋದರು. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ಮುಂದಿನವರಿಗೆ ಒಪ್ಪಿಸುವುದು ಅವರ ಕೆಲಸ. ಇಂಥವರ ಹೆಸರು ಗೋಲಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಆದರೆ ಇಂಥವರಿಲ್ಲದೆ ಆ ಪಟ್ಟಿಯೂ ಇರುವುದಿಲ್ಲ. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಮೋಹನ್ ಬಗಾನ್ ಪಾಲು. ಮುಂದೆ ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಇಲ್ಲಿ ಹುಟ್ಟಿ, ಜಮ್ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು, ಈಸ್ಟ್ ಬೆಂಗಾಲ್ ಸೇರಿದವರು. 1993ರಲ್ಲಿ ಇರಾಕಿನ ಅಲ್ ಜವ್ರಾ ಮೇಲೆ ಮಿಡ್‌ಫೀಲ್ಡರ್ ಆಗಿದ್ದುಕೊಂಡೇ ಹ್ಯಾಟ್ರಿಕ್ ಹೊಡೆದರು, ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆಮೇಲೆ ಪಂಜಾಬಿನ ಜೆಸಿಟಿ. ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಭಾರತ ತಂಡದ ನಾಯಕರಾದರು. 2001ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗ್ ಗೆದ್ದಾಗಲೂ ನಾಯಕ ಅವರೇ. 2020ರ ಅಕ್ಟೋಬರಿನಲ್ಲಿ, 49ನೇ ವಯಸ್ಸಿಗೆ, ಬೆಂಗಳೂರಿನಲ್ಲೇ ತೀರಿಕೊಂಡರು. ನಡುಮೈದಾನದಲ್ಲಿ ಆಟ ನಡೆಸುವವರನ್ನೇ ಅಳೆಯುವುದಾದರೆ ಅಹ್ಮದ್ ಖಾನರ ನಂತರದ ಹೆಸರು ನನ್ನ ಲೆಕ್ಕದಲ್ಲಿ ಚಾಪ್‌ಮನ್.

ಹಾಗೆಂದು ಊರಿನ ತಂಡಗಳೇನೂ ಬಡವಾಗಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಡೆಗಳ ತಂಡಗಳೇ ಆಳುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ ಗೆದ್ದಿತು, ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ನಮ್ಮ ಆಟಗಾರರನ್ನು ಕರೆದುಕೊಂಡು ಹೋದವರನ್ನೇ ನಾವು ಸೋಲಿಸುತ್ತಿದ್ದೆವು ಎಂಬುದರಲ್ಲಿ ಸಣ್ಣ ಖುಷಿಯಿದೆ. ಐದನೆಯ ಸಲಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದಾಗ ನಮ್ಮ ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕ ಆಗಿ ಅರ್ಧ ಶತಮಾನ ಆಗುತ್ತ ಬಂದಿತ್ತು.

ಕಲ್ಕತ್ತಕ್ಕೆ ಹೋದವರನ್ನು ದೂರುವಂತಿಲ್ಲ. ಅಲ್ಲಿ ಕ್ಲಬ್ಬು, ದುಡ್ಡು, ಜನ ಮೂರೂ ಇದ್ದವು. ಇಲ್ಲಿ ಇದ್ದದ್ದು ಫ್ಯಾಕ್ಟರಿಯ ಕೆಲಸ, ಪಿಂಚಣಿ. ಫ್ಯಾಕ್ಟರಿ ತಂಡಗಳಲ್ಲಿ ಎಚ್‌ಎಎಲ್ ಮಾತ್ರ ಬಹಳ ಕಾಲ ತಡೆದುಕೊಂಡಿತು. 2010ರಿಂದ 2012ರವರೆಗೆ ಐ-ಲೀಗ್‌ನಲ್ಲೂ ಆಡಿತು. ವಿದೇಶಿ ಆಟಗಾರರನ್ನು ಕೊಂಡು ತಂದ ತಂಡಗಳ ಎದುರು ನಮ್ಮ ಪಕ್ಕದ ಕಾರ್ಖಾನೆಯ ತಂಡ ನಿಂತದ್ದನ್ನು ಈ ಭಾಗದವರು ನೆನಪಿಟ್ಟುಕೊಳ್ಳಬೇಕು.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಅದರ ಜೊತೆ ಸುನಿಲ್ ಛೆಟ್ರಿ ಬಂದರು. ಸಿಕಂದರಾಬಾದಿನಲ್ಲಿ ಹುಟ್ಟಿದವರು, ದೆಹಲಿಯಲ್ಲಿ ಆಟ ಕಲಿತವರು. ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ ಎಂದು ಊರೂರು ಸುತ್ತಿದ್ದವರು ಇಲ್ಲಿಗೆ ಬಂದು ನೆಲೆಯಾದರು. ನಡುವೆ ಮುಂಬೈ ತಂಡಕ್ಕೆ ಎರವಲು ಹೋದದ್ದು ಬಿಟ್ಟರೆ ಬೇರೆಲ್ಲೂ ಹೋಗಲಿಲ್ಲ. ಮೊದಲ ವರ್ಷವೇ ಐ-ಲೀಗ್ ಬಂತು, 2016ರಲ್ಲಿ ಮತ್ತೊಮ್ಮೆ. ಆ ವರ್ಷದ ಅಕ್ಟೋಬರಿನಲ್ಲಿ ಕಂಠೀರವ ಕ್ರೀಡಾಂಗಣಕ್ಕೆ ಮಲೇಷ್ಯಾದ ಜೊಹೊರ್ ತಂಡ ಬಂದಿತ್ತು, ಎಎಫ್‌ಸಿ ಕಪ್‌ನ ಹಿಂದಿನ ವರ್ಷದ ಚಾಂಪಿಯನ್. ಎದುರಾಳಿಗಳೇ ಮೊದಲು ಗೋಲು ಹೊಡೆದರು. ಛೆಟ್ರಿ ಒಂದನ್ನು ತಲೆಯಿಂದ, ಇನ್ನೊಂದನ್ನು ಬಹು ದೂರದಿಂದ ಹೊಡೆದರು, ತಂಡ 3–1ರಿಂದ ಗೆದ್ದಿತು. ಏಷ್ಯಾದ ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರಿನದಾಯಿತು. 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್.

ಆದರೆ ಛೆಟ್ರಿ ಅಹ್ಮದ್ ಖಾನ್ ಥರದ ಆಟಗಾರರಲ್ಲ. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೆರೆಸುವ ಮೋಡಿ ಅವರದಲ್ಲ. ಚೆಂಡು ಬರುವ ಮುನ್ನವೇ ಅದು ಬೀಳುವ ಜಾಗಕ್ಕೆ ಹೋಗಿರುವುದು ಅವರ ವಿದ್ಯೆ. ಎತ್ತರ ಅಷ್ಟಕ್ಕಷ್ಟೇ, ಆದರೂ ತಲೆಯಿಂದ ಹೊಡೆದ ಗೋಲುಗಳು ಎಷ್ಟೋ. ನೆಗೆಯುವ ಗಳಿಗೆ ಗೊತ್ತಿದ್ದವರಿಗೆ ಎತ್ತರ ಬೇಕಿಲ್ಲ. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಅದೇ ಡಿಸೆಂಬರಿನಲ್ಲಿ, 40 ತುಂಬಿದ ಮೇಲೆ, ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ ಹೊಡೆದರು. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಾಪಸು. ಏಪ್ರಿಲ್‌ನಲ್ಲಿ ಗೋವಾದಲ್ಲಿ ನಡೆದ ಐಎಸ್‌ಎಲ್ ಸೆಮಿಫೈನಲ್‌ನ ಹೆಚ್ಚುವರಿ ನಿಮಿಷಗಳಲ್ಲಿ ಮತ್ತೆ ಅದೇ ತಲೆ, ತಂಡ ಫೈನಲ್‌ಗೆ. ಹಳಬರ ಪಕ್ಷ ವಹಿಸುವ ನಾನೂ ಆ ಗೋಲಿಗೆ ಕುರ್ಚಿ ಬಿಟ್ಟು ಎದ್ದಿದ್ದೆ.

ಅಮೆರಿಕದಲ್ಲಿ ಕೆಲಸ ಮಾಡಿ ಬಂದು ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿರುವ ಹುಡುಗರು ಅಲ್ಲಿನ ಫುಟ್‌ಬಾಲ್ ಬಗ್ಗೆ ಹೇಳುತ್ತಿರುತ್ತಾರೆ, ಹಳಬರನ್ನೂ ಹೊಸಬರನ್ನೂ ತೂಗುವ ಚಾಳಿ ಅಲ್ಲೂ ಇದೆಯಂತೆ. ಕೈಯಲ್ಲಿ ಚೆಂಡು ಹಿಡಿದು ಆಡುವ ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬೊಬ್ಬ ಇರುತ್ತಾನೆ, ಇಡೀ ತಂಡದ ಆಟ ಅವನ ಕೈಯಿಂದಲೇ ಶುರು. ಗ್ರೀನ್ ಬೇ ಎಂಬ ಲಕ್ಷ ಜನಸಂಖ್ಯೆಯ ಸಣ್ಣ ಊರಿನ ತಂಡದ ಅಭಿಮಾನಿಗಳು ಇವತ್ತಿನ ಜೋರ್ಡನ್ ಲವ್‌ನನ್ನು ಹಿಂದಿನ ಬಾರ್ಟ್ ಸ್ಟಾರ್, ಬ್ರೆಟ್ ಫಾವ್ರ್, ಏರನ್ ರಾಜರ್ಸ್ ಜೊತೆ ತೂಗಿ ನೋಡುತ್ತಲೇ ಇರುತ್ತಾರಂತೆ. ಸ್ಟಾರ್ ಅಲಬಾಮಾದವರು, ಫಾವ್ರ್ ಮಿಸಿಸಿಪ್ಪಿಯವರು, ರಾಜರ್ಸ್ ಕ್ಯಾಲಿಫೋರ್ನಿಯಾದವರು. ಒಬ್ಬರೂ ಆ ಊರಿನವರಲ್ಲ. ಆದರೆ ಆಡಿದ್ದು ಆ ಊರಿನ ಕಣ್ಣೆದುರು, ವರ್ಷಾನುಗಟ್ಟಲೆ. ಅದಕ್ಕೇ ಅವರಿಗೆ ಹೋಲಿಸುವ ಹಕ್ಕಿದೆ.

ನಮಗೆ ಆ ಹಕ್ಕು ಬಂದದ್ದು 2013ರ ನಂತರ. ಅಹ್ಮದ್ ಖಾನ್ ಇಲ್ಲಿ ಹುಟ್ಟಿ ಅಲ್ಲಿ ಬೆಳಗಿದರು, ಛೆಟ್ರಿ ಎಲ್ಲೋ ಹುಟ್ಟಿ ಇಲ್ಲಿ ಬೆಳಗಿದರು. ಒಬ್ಬರನ್ನು ಕೇಳಿ ಬಲ್ಲೆವು, ಇನ್ನೊಬ್ಬರನ್ನು ಕಂಡು ಬಲ್ಲೆವು. ಕಂಡವರು ದೊಡ್ಡವರಾಗಿ ಕಾಣುವುದು ಸಹಜ. ವರ್ತೂರಿನಲ್ಲಿ ಇವತ್ತು ಮನೆ ಮಾಡಿರುವವರಲ್ಲಿ ಅರ್ಧಕ್ಕರ್ಧ ಹೊರಗಿನಿಂದ ಬಂದವರೇ. ಅವರ ಮಕ್ಕಳು ಬೆನ್ನಿನ ಮೇಲೆ 11 ಎಂಬ ನೀಲಿ ಅಂಗಿ ಹಾಕಿಕೊಂಡು ಟರ್ಫ್‌ಗೆ ಓಡುವಾಗ ಛೆಟ್ರಿ ಎಲ್ಲಿಯವರೆಂದು ಯಾರೂ ಕೇಳುವುದಿಲ್ಲ. 

ಇನ್ನು ಇಲ್ಲೇ ಹುಟ್ಟಿ ಇಲ್ಲೇ ಆಡುವವರು? 2024ರ ಸೆಪ್ಟೆಂಬರ್ 14ರಂದು ಕಂಠೀರವಕ್ಕೆ ಈಸ್ಟ್ ಬೆಂಗಾಲ್ ಬಂದಿತ್ತು, ನಮ್ಮ ಅಹ್ಮದರನ್ನು, ಚಾಪ್‌ಮನ್‌ರನ್ನು ಕರೆದುಕೊಂಡು ಹೋದ ಅದೇ ಈಸ್ಟ್ ಬೆಂಗಾಲ್. ಆ ಪಂದ್ಯದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನದೇ ಹುಡುಗ ವಿನೀತ್ ವೆಂಕಟೇಶ್, ಆಗಿನ್ನೂ ಹತ್ತೊಂಬತ್ತರ ಪ್ರಾಯ. ಈಗಲೇ ಅವರನ್ನು ಯಾರ ಜೊತೆಗೂ ಹೋಲಿಸಬಾರದು. ಆಡಲಿ.

ಹುಡುಗರು ತೀರ್ಮಾನ ಕೇಳಿದ್ದರಲ್ಲ, ಕೊಡದೆ ಬಿಟ್ಟರೆ ಸಂಚಿಕೆಯವರು ಮುನಿಸಿಕೊಳ್ಳುತ್ತಾರೆ. ನನ್ನ ತಂಡದಲ್ಲಿ ಹಾಫ್‌ಗೆ ಕೆಂಪಯ್ಯ, ಅವರ ಪಕ್ಕ ಚಾಪ್‌ಮನ್, ಇನ್‌ಸೈಡ್ ಲೆಫ್ಟ್‌ಗೆ ಅಹ್ಮದ್ ಖಾನ್, ಮುಂದೆ ರಾಮನ್ ಮತ್ತು ಛೆಟ್ರಿ. ಬೂಟು ಹಾಕಿಕೊಳ್ಳುವುದು ಬಿಡುವುದು ಅವರವರ ಇಷ್ಟ. ಅಹ್ಮದ್ ತೇಲಿಸಿದ ಚೆಂಡಿಗೆ ಛೆಟ್ರಿ ತಲೆ ಕೊಡಲಿ. ನಾಯಕನ ಪಟ್ಟಿ ಯಾರ ತೋಳಿಗೆ ಎಂಬ ಜಗಳಕ್ಕೆ ನಾನು ಸಿಗುವುದಿಲ್ಲ, ಅದನ್ನು ಹುಡುಗರು ಟೀ ಅಂಗಡಿಯಲ್ಲಿ ಬಗೆಹರಿಸಿಕೊಳ್ಳಲಿ.